ಹೊಸ ಮೀನು ತರುವ ಮುನ್ನ ಕೈ ನೋಡಿಕೊಳ್ಳಿ

ಹಜಾರದ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ನಾಲ್ಕಾರು ಬಣ್ಣದ ಮೀನು. ಮಕ್ಕಳು ಶಾಲೆಯಿಂದ ಬಂದವರೇ ಬ್ಯಾಗು ಬಿಸಾಡಿ ಅದರ ಮುಂದೆ ಕೂರುತ್ತಾರೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಎರಡು ದಿನ ಬಿಟ್ಟು ಇನ್ನೊಂದು. ವಾರ ಕಳೆಯುವಷ್ಟರಲ್ಲಿ ತೊಟ್ಟಿ ಖಾಲಿ. ಮಕ್ಕಳ ಸಪ್ಪೆ ಮುಖ ನೋಡಲಾರದೆ ಅಪ್ಪ, 'ಭಾನುವಾರ ಹೊಸ ಮೀನು ತರೋಣ' ಎಂದು ಮಾತು ಕೊಡುತ್ತಾರೆ. ಅದಕ್ಕೆ ಮೊದಲು ತೊಟ್ಟಿ ತೊಳೆಯಬೇಕಲ್ಲ? ಅಂಗಿಯ ತೋಳು ಮಡಚಿ, ಬರಿಗೈಯನ್ನು ಮೊಣಕೈವರೆಗೂ ಆ ಹಸಿರು ನೀರಿಗೆ ಇಳಿಸುತ್ತಾರೆ.

ಈ ವಾರ ನಾನು ಹೇಳಬೇಕೆಂದಿರುವುದು ಆ ಬರಿಗೈಯ ವಿಷಯ. ಆರೋಗ್ಯದ ಅಂಕಣದಲ್ಲಿ ಮೀನಿನ ತೊಟ್ಟಿಗೇನು ಕೆಲಸ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಆಗ ನನ್ನ ಚಿಕಿತ್ಸಾಲಯಕ್ಕೆ ಐವತ್ತು ದಾಟಿದ ಬ್ಯಾಂಕ್ ನೌಕರರೊಬ್ಬರು ಬಂದರು. ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಕೆಂಪು ಗಂಟು. ಹೇಳಿಕೊಳ್ಳುವಂಥ ನೋವಿಲ್ಲ, ಜ್ವರವಿಲ್ಲ. "ಒಂದೂವರೆ ತಿಂಗಳಾಯ್ತು ಡಾಕ್ಟ್ರೇ, ಹೋಗ್ತಾನೇ ಇಲ್ಲ" ಎಂದರು. ಅವರಿಗೆ ಅಲ್ಪ ಪ್ರಮಾಣದ ಸಕ್ಕರೆ ಕಾಯಿಲೆಯೂ ಇತ್ತು. ಸಾಮಾನ್ಯ ಕೀವಿನ ಗುಳ್ಳೆ ಇರಬೇಕೆಂದು ಏಳು ದಿನಕ್ಕೆ ಆ್ಯಂಟಿಬಯಾಟಿಕ್ ಬರೆದುಕೊಟ್ಟೆ. ಗಂಟು ಇಳಿಯಲಿಲ್ಲ. ಬೇರೊಂದನ್ನು ಹತ್ತು ದಿನಕ್ಕೆ ಬರೆದೆ. ಅದೂ ಅಷ್ಟೆ. ಮುಳ್ಳು ಚುಚ್ಚಿತ್ತೇ ಎಂದು ಕೇಳಿದೆ, ಯೂರಿಕ್ ಆಮ್ಲ ಹೆಚ್ಚಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದೆ. ಮೂರನೆಯ ಸಲ ಅವರು ಬಂದಾಗ ಮಣಿಕಟ್ಟಿನ ಹತ್ತಿರ ಇನ್ನೊಂದು ಗಂಟು, ಮುಂಗೈಯ ಮೇಲೆ ಮತ್ತೊಂದು. ದಾರಕ್ಕೆ ಪೋಣಿಸಿದ ಮಣಿಗಳಂತೆ ಒಂದೇ ಸಾಲಿನಲ್ಲಿ ಮೇಲೇರುತ್ತಿದ್ದವು.

ಜೊತೆಯಲ್ಲಿ ಕಾಲೇಜು ಓದುವ ಮಗಳು ಬಂದಿದ್ದಳು. "ಕೈ ಹೀಗಿದ್ರೂ ಅಪ್ಪನಿಗೆ ಮೀನಿಂದೇ ಯೋಚನೆ ಡಾಕ್ಟ್ರೇ. ಹೊಸ ಜೋಡಿ ತರ್ಬೇಕು, ಅದಕ್ಕೆ ಮೊದಲು ತೊಟ್ಟೀನ ಇನ್ನೊಂದ್ಸಲ ಉಜ್ಜಬೇಕು ಅಂತಿದ್ದಾರೆ" ಎಂದು ದೂರು ಹೇಳಿದಳು. ಇನ್ನೊಂದು ಸಲ! ಹಾಗಾದರೆ ಮೊದಲ ಸಲ ಉಜ್ಜಿದ್ದು ಯಾವಾಗ? ಮೀನುಗಳೆಲ್ಲ ಒಂದೊಂದಾಗಿ ಸತ್ತ ಮೇಲೆ. ಬೆರಳಿನಲ್ಲಿ ಗಂಟು ಕಾಣಿಸುವುದಕ್ಕೆ ಸುಮಾರು ಮೂರು ವಾರ ಮೊದಲು. ತಳದ ಜಲ್ಲಿಕಲ್ಲು ಗೋರುವಾಗ ಗೆಣ್ಣು ತರಚಿತ್ತು, ಅದನ್ನು ಅವರು ಮರೆತೇಬಿಟ್ಟಿದ್ದರು. ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಗೆ, ಕೇಳದೆಯೇ ಆ ಹುಡುಗಿಯಿಂದ ಉತ್ತರ ಸಿಕ್ಕಿತ್ತು.

ಕ್ಷಯದ ದಾಯಾದಿ

ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಹೆಸರು ಮೈಕೋಬ್ಯಾಕ್ಟೀರಿಯಂ ಮರೈನಂ. ಕ್ಷಯ ಮತ್ತು ಕುಷ್ಠರೋಗದ ಕ್ರಿಮಿಗಳು ಸೇರಿದ ಕುಲಕ್ಕೇ ಇದೂ ಸೇರಿದ್ದು. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಮತ್ಸ್ಯಾಲಯದಲ್ಲಿ ಸತ್ತ ಕಡಲ ಮೀನುಗಳಲ್ಲಿ ಅರಾನ್ಸನ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಇದು ಮನುಷ್ಯರಿಗೂ ತಗಲುತ್ತದೆ ಎಂದು ಗೊತ್ತಾದದ್ದು ಕಾಲು ಶತಮಾನದ ನಂತರ, 1951ರಲ್ಲಿ. ಸ್ವೀಡನ್ನಿನ ಈಜುಕೊಳವೊಂದರಲ್ಲಿ ಈಜಿದವರ ಮೈಮೇಲೆ ಎದ್ದ ಹುಣ್ಣುಗಳಲ್ಲಿ ಅದು ಸಿಕ್ಕಿತು. ಮನೆಯ ಮೀನಿನ ತೊಟ್ಟಿಯಿಂದಲೂ ಬರಬಹುದೆಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1962ರಲ್ಲಿ. ಈಗ ಈಜುಕೊಳಗಳ ನೀರಿಗೆ ಸರಿಯಾಗಿ ಕ್ಲೋರಿನ್ ಬೆರೆಸುವುದರಿಂದ ಅಲ್ಲಿಂದ ಬರುವುದು ಅಪರೂಪವಾಗಿದೆ. ಉಳಿದಿರುವ ಮುಖ್ಯ ಮೂಲಗಳಲ್ಲಿ ನಮ್ಮ ಹಜಾರದ ತೊಟ್ಟಿಯೂ ಒಂದು.

ಈ ಕ್ರಿಮಿಗೆ ಒಂದು ವಿಚಿತ್ರ ಗುಣವಿದೆ. ನಮ್ಮ ದೇಹದೊಳಗಿನ 37 ಡಿಗ್ರಿ ಸೆಲ್ಸಿಯಸ್ ಶಾಖ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಚೆನ್ನಾಗಿ ಬೆಳೆಯುವುದು 30-32 ಡಿಗ್ರಿಯಲ್ಲಿ. ಆದ್ದರಿಂದ ಅದು ಸಾಮಾನ್ಯವಾಗಿ ಶ್ವಾಸಕೋಶದಂಥ ಒಳ ಅಂಗಗಳ ತಂಟೆಗೆ ಹೋಗದೆ, ದೇಹದ ತಂಪು ಭಾಗಗಳಾದ ಬೆರಳು, ಮುಂಗೈ, ಮೊಣಕೈಗಳಲ್ಲೇ ಮನೆ ಮಾಡುತ್ತದೆ. ಚರ್ಮ ಗಟ್ಟಿಯಾಗಿದ್ದರೆ ಒಳಗೆ ನುಗ್ಗಲಾರದು. ಸಣ್ಣದೊಂದು ತರಚು, ಮೀನಿನ ಮುಳ್ಳು ಚುಚ್ಚಿದ ಗುರುತು, ಉಗುರಿನ ಪಕ್ಕ ಕಿತ್ತ ಸಿಬಿರು ಇದ್ದರೆ ಸಾಕು. ಎರಡರಿಂದ ನಾಲ್ಕು ವಾರದಲ್ಲಿ ಗಂಟು ಕಾಣಿಸುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಅಷ್ಟರಲ್ಲಿ ತೊಟ್ಟಿ ತೊಳೆದದ್ದು ಯಾರಿಗೆ ನೆನಪಿರುತ್ತದೆ? ಗಂಟು ಮೆಲ್ಲಗೆ ಊದಿ, ಒಡೆದು ಹುಣ್ಣಾಗಬಹುದು. ಕೆಲವರಲ್ಲಿ ದುಗ್ಧರಸ ನಾಳದ ಗುಂಟ ಮೇಲೇರುತ್ತದೆ. ಅಲಕ್ಷಿಸಿದರೆ ಬೆರಳಾಡಿಸುವ ಸ್ನಾಯುರಜ್ಜುಗಳಿಗೂ ಮೂಳೆಸಂದಿಗೂ ಇಳಿದು ಬೆರಳು ಮಡಚಲಾಗದಂತೆ ಮಾಡುತ್ತದೆ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಔಷಧ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಹೆಚ್ಚು ಎಚ್ಚರದಿಂದಿರಬೇಕು. ಔಷಧದ ಅಂಗಡಿಯಿಂದ ಕೇಳಿ ತಂದು ಹಚ್ಚುವ ಮುಲಾಮುಗಳಲ್ಲೂ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಅದು ಮೇಲಿನ ಕೆಂಪನ್ನು ಕಡಿಮೆ ಮಾಡಿ ಒಳಗಿನ ಕ್ರಿಮಿಗೆ ಅನುಕೂಲ ಮಾಡಿಕೊಡುತ್ತದೆ.

ಚರ್ಮರೋಗ ತಜ್ಞರು ಗಂಟಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇಲ್ಲಿ ಇನ್ನೊಂದು ತೊಡಕಿದೆ. ಪ್ರಯೋಗಾಲಯದಲ್ಲಿ ಕ್ರಿಮಿಗಳನ್ನು ಬೆಳೆಸಲು ಸಾಮಾನ್ಯವಾಗಿ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ, ಈ ಕ್ರಿಮಿ ಅಲ್ಲಿ ಸರಿಯಾಗಿ ಬೆಳೆಯದೆ 'ಏನೂ ಇಲ್ಲ' ಎಂಬ ವರದಿ ಬರಬಹುದು. 'ಮೀನಿನ ತೊಟ್ಟಿಯ ಸೋಂಕಿನ ಅನುಮಾನವಿದೆ, 30 ಡಿಗ್ರಿಯಲ್ಲಿ ಇಡಿ' ಎಂದು ಬರೆದು ಕಳಿಸಬೇಕು. ಹಾಗೆ ಬರೆಯಲು ವೈದ್ಯರಿಗೆ ಗೊತ್ತಿರಬೇಕು. ವೈದ್ಯರಿಗೆ ಗೊತ್ತಾಗಲು ನೀವು ಹೇಳಬೇಕು.

ಕಾರಣ ತಿಳಿದ ದಿನದಿಂದ ಅವರ ಮನೆಯಲ್ಲಿ ಬೇರೆಯೇ ಗಲಾಟೆ ಶುರುವಾಯಿತು. 'ಕ್ಷಯದ ಜಾತಿ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ತಟ್ಟೆ ಲೋಟ ಬೇರೆಯಾಯಿತು, ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡಲಿಲ್ಲ. ಆ ಮನುಷ್ಯ ಗಂಟಿಗಿಂತ ಇದರಿಂದಲೇ ಹೆಚ್ಚು ನೊಂದರು. ಅವರ ಮನೆಯಾಕೆಯನ್ನು ಕರೆಸಿ ಹೇಳಬೇಕಾಯಿತು: "ನೋಡೀಮ್ಮಾ, ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇವರ ಕೆಮ್ಮಿನಲ್ಲಿಲ್ಲ, ಎಂಜಲಿನಲ್ಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ."

ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಆದರೆ ಏಳು ದಿನದ ಮಾತ್ರೆಯಿಂದಲ್ಲ. ಕ್ಲಾರಿತ್ರೊಮೈಸಿನ್, ಎಥಾಂಬ್ಯುಟಾಲ್, ರಿಫಾಂಪಿಸಿನ್, ಡಾಕ್ಸಿಸೈಕ್ಲಿನ್ ಮುಂತಾದವುಗಳಲ್ಲಿ ಒಂದನ್ನೋ ಎರಡನ್ನೋ ತಿಂಗಳುಗಟ್ಟಲೆ, ಗಂಟು ಮಾಯವಾದ ಮೇಲೂ ಒಂದೆರಡು ತಿಂಗಳು ಮುಂದುವರಿಸಿ ಕೊಡಬೇಕಾಗುತ್ತದೆ. ನಮ್ಮವರಿಗೆ ಎರಡು ಔಷಧ, ಐದು ತಿಂಗಳು. ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತೊಂದರೆ ಮಾಡಬಹುದಾದ್ದರಿಂದ ನಡುನಡುವೆ ದೃಷ್ಟಿಯ ಪರೀಕ್ಷೆ ಬೇರೆ.

ಮೊದಲು ಕೇಳಬೇಕಾದ ಪ್ರಶ್ನೆ

ಇಷ್ಟು ಕೇಳಿ ನೀವು ತೊಟ್ಟಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಈ ಸೋಂಕು ಅಪರೂಪದ್ದು; ಲಕ್ಷಾಂತರ ಮನೆಗಳಲ್ಲಿ ಮೀನುಗಳಿವೆ, ಬಹುಪಾಲು ಕೈಗಳು ಸುಖವಾಗಿವೆ. ತೊಳೆಯುವ ರೀತಿ ಬದಲಿಸಿಕೊಂಡರೆ ಸಾಕು. ಅದಕ್ಕೂ ಮೊದಲು, ಕ್ರಿಮಿನಾಶಕ ಹಾಕಿ ತೊಳೆಯುವ ಅಗತ್ಯ ಇದೆಯೇ ಎಂದು ಕೇಳಿಕೊಳ್ಳಿ.

ತೊಟ್ಟಿಯಲ್ಲಿ ಮೀನುಗಳು ಚೆನ್ನಾಗಿ ಓಡಾಡಿಕೊಂಡಿವೆ, ಜೊತೆಗೆ ಇನ್ನೆರಡು ತರಬೇಕೆಂದಿದ್ದೀರಿ ಎಂದಾದರೆ ಅಗತ್ಯವಿಲ್ಲ. ಮೀನಿನ ಕಲ್ಮಶದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದು ಮೀನಿಗೆ ವಿಷ. ಜಲ್ಲಿಯಲ್ಲೂ ಫಿಲ್ಟರಿನ ಸ್ಪಂಜಿನಲ್ಲೂ ಬೆಳೆದ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಕ್ರಿಮಿನಾಶಕ ಸುರಿದರೆ ಇವೂ ಸಾಯುತ್ತವೆ, ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. 'ಅಷ್ಟು ಶುಚಿಯಾಗಿ ತೊಳೆದೆ, ಆದರೂ ಮೀನು ಉಳಿಯಲಿಲ್ಲ' ಎನ್ನುವವರ ಮನೆಯಲ್ಲಿ ಎಷ್ಟೋ ಸಲ ಆಗಿರುವುದು ಇದೇ. ಶುಚಿಯಾಗಿ ತೊಳೆದದ್ದರಿಂದಲೇ ಉಳಿದಿಲ್ಲ! ಹಳೆಯ ತೊಟ್ಟಿಯನ್ನು ಹಾಗೆಯೇ ಬಿಟ್ಟು ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೊಂದು ಸಣ್ಣ ತೊಟ್ಟಿಯಲ್ಲೋ ಬಾಯಗಲದ ಟಬ್ಬಿನಲ್ಲೋ ಇಟ್ಟು ನೋಡಿ. ಅಂಗಡಿಗೆ ಬರುವ ಮೀನು ಚೆನ್ನೈನ ಕೊಳತ್ತೂರಿನಂಥ ಸಾಕಣೆಯ ಜಾಗಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ, ಕೈಯಿಂದ ಕೈ ದಾಟಿ ಬಂದಿರುತ್ತದೆ, ಆಯಾಸಗೊಂಡಿರುತ್ತದೆ. ಒಳಗಿರುವ ರೋಗ ಹೊರಬೀಳಲು ಅಷ್ಟು ಕಾಲ ಬೇಕು. ಅದಕ್ಕೆ ಬೇರೆ ಬಲೆ, ಬೇರೆ ಮಗ್ ಇರಲಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಮೀನುಗಳು ರೋಗದಿಂದಲೇ ಸತ್ತಿದ್ದರೆ ಮಾತ್ರ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ತೊಳೆಯುವುದು ಸರಿ. ಚೆನ್ನಾಗಿ ತಿಂದರೂ ಬಡಕಲಾಗುವುದು, ಹೊಟ್ಟೆ ಒಳಸೇರುವುದು, ಬೆನ್ನು ಬಾಗುವುದು, ಹುರುಪೆ ಉದುರಿ ಹುಣ್ಣಾಗುವುದು, ಕಣ್ಣು ಉಬ್ಬುವುದು ಇವೆಲ್ಲ ನಾನು ಹೇಳಿದ ಕ್ರಿಮಿ ಮೀನಿನಲ್ಲಿ ತೋರಿಸುವ ಚಿಹ್ನೆಗಳು. ಬೇರೆ ರೋಗಗಳಲ್ಲೂ ಇವು ಕಾಣಬಹುದು, ಆದರೆ ಕಂಡರೆ ಕೈ ಕಾಪಾಡಿಕೊಳ್ಳಿ.

ತೊಳೆಯುವ ಕ್ರಮ

ಕೈಯಲ್ಲಿ ಗಾಯ, ಬಿರುಕು, ಇಸುಬು ಇರುವವರು ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಉಳಿದವರು ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಳ್ಳಿ. ಪಾತ್ರೆ ತೊಳೆಯುವ ಗಿಡ್ಡ ಗವಸಿನೊಳಗೆ ತೊಟ್ಟಿಯ ನೀರು ಇಳಿದರೆ ಕೈಯನ್ನು ಅದೇ ನೀರಿನಲ್ಲಿ ನೆನೆಹಾಕಿಟ್ಟ ಹಾಗಾಗುತ್ತದೆ. ನೀರು ಮುಟ್ಟುವ ಮೊದಲು ದೀಪ, ಗಾಳಿ ಪಂಪು, ಹೀಟರುಗಳ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ನೀರು ತೆಗೆಯಲು ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆಯುವ ಅಭ್ಯಾಸ ಬಹಳ ಜನರಿಗಿದೆ, ದಯವಿಟ್ಟು ಬೇಡ. ಮಗ್ಗಿನಿಂದ ಮೊಗೆಯಿರಿ, ಅಥವಾ ಪೈಪಿನೊಳಗೆ ನಲ್ಲಿ ನೀರು ತುಂಬಿಸಿಕೊಂಡು ಇಳಿಬಿಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರಿರುತ್ತದೆ, ಎಂದರೆ ಅಷ್ಟೇ ಕಿಲೋ ತೂಕ. ತುಂಬಿದ ತೊಟ್ಟಿಯನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡವರನ್ನೂ ಗಾಜು ಒಡೆದು ಕಾಲಿಗೆ ಹೊಲಿಗೆ ಹಾಕಿಸಿಕೊಂಡವರನ್ನೂ ನಾನು ನೋಡಿದ್ದೇನೆ.

ತೊಟ್ಟಿಯ ನೀರು, ಜಲ್ಲಿ, ಸ್ಪಂಜು ಯಾವುದೂ ಅಡುಗೆಮನೆಯ ಸಿಂಕಿಗೆ ಬರಬಾರದು. ಮಗುವಿಗೆ ಸ್ನಾನ ಮಾಡಿಸುವ ಟಬ್ಬಿಗೂ ಬೇಡ. ನೀರನ್ನು ಶೌಚಾಲಯಕ್ಕೆ ಸುರಿಯಿರಿ. ಸತ್ತ ಮೀನನ್ನು ಕಟ್ಟಿ ಕಸಕ್ಕೆ ಹಾಕಿ ಅಥವಾ ಆಳವಾಗಿ ಹೂಳಿ. ಪುಣ್ಯ ಬರುತ್ತದೆಂದು ಕೆರೆಗೆ ಬಿಡುವುದು ಕೆರೆಗೂ ಒಳ್ಳೆಯದಲ್ಲ. ರೋಗದಿಂದ ಸತ್ತ ತೊಟ್ಟಿಯದಾದರೆ ಜಲ್ಲಿ, ಸ್ಪಂಜು, ಗಿಡ, ಮರದ ತುಂಡುಗಳನ್ನು ಎಸೆದುಬಿಡಿ. ಅವುಗಳ ಸಂದುಗಳನ್ನು ಯಾವ ಔಷಧವೂ ಸರಿಯಾಗಿ ಮುಟ್ಟುವುದಿಲ್ಲ, ಹೊಸದಕ್ಕೆ ಆಗುವ ಖರ್ಚು ಐದು ತಿಂಗಳ ಮಾತ್ರೆಗಿಂತ ಕಡಿಮೆ.

ಗಾಜಿನ ಮೇಲಿನ ಲೋಳೆಯನ್ನು ಮೊದಲು ಉಜ್ಜಿ ತೆಗೆಯಬೇಕು. ಕೊಳೆ ಇದ್ದಲ್ಲಿ ಬ್ಲೀಚಿನ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಆಮೇಲೆ ಸುವಾಸನೆ ಸೇರಿಸದ ದ್ರವ ಬ್ಲೀಚನ್ನು (4-5 ಶೇಕಡಾ ಇರುವಂಥದ್ದು) ಒಂದು ಭಾಗಕ್ಕೆ ಹತ್ತೊಂಬತ್ತು ಭಾಗ ನೀರು ಬೆರೆಸಿ, ಗಾಜಿನ ಒಳಮೈಗೆಲ್ಲ ತಗಲುವಂತೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಬಿಡಿ. ಬಹಳ ದಿನದಿಂದ ತೆರೆದಿಟ್ಟ ಬ್ಲೀಚಿನಲ್ಲಿ ಸತ್ವವಿರುವುದಿಲ್ಲ, ತೇವ ತಗಲಿದ ಬ್ಲೀಚಿಂಗ್ ಪೌಡರಿನಲ್ಲೂ ಅಷ್ಟೆ. ಆಮೇಲೆ ನಾಲ್ಕಾರು ಸಲ ನೀರು ಹಾಯಿಸಿ ಪೂರ್ತಿ ಒಣಗಲು ಬಿಡಿ.

ಬ್ಲೀಚು ಬಹುತೇಕ ಕ್ರಿಮಿಗಳಿಗೆ ಸಾಕು. ಆದರೆ ಮೈಕೋಬ್ಯಾಕ್ಟೀರಿಯಂ ಮೈಮೇಲೆ ಮೇಣದಂಥ ಹೊದಿಕೆ ಇರುವುದರಿಂದ ಅದು ಈ ಪ್ರಮಾಣದ ಬ್ಲೀಚಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಚೆನ್ನಾಗಿ ನಾಟುವುದು 70 ಶೇಕಡಾ ಆಲ್ಕೋಹಾಲ್. ತೊಳೆದು ಒಣಗಿಸಿದ ಗಾಜಿನ ಒಳಮೈಯನ್ನು ಅದರಿಂದ ಒದ್ದೆಯಾಗುವಂತೆ ಒರೆಸಿ, ಕೆಲವು ನಿಮಿಷ ಬಿಟ್ಟು, ಮತ್ತೆ ತೊಳೆಯಿರಿ. ಒಲೆ, ದೇವರ ದೀಪ, ಊದುಬತ್ತಿಯ ಹತ್ತಿರ ಬೇಡ, ತಕ್ಷಣ ಹೊತ್ತಿಕೊಳ್ಳುತ್ತದೆ. ಅಕ್ರಿಲಿಕ್ ತೊಟ್ಟಿಗೂ ಬೇಡ, ಸಣ್ಣ ಬಿರುಕು ಬಿಡುತ್ತದೆ. ಸೋಪು, ಫಿನಾಯಿಲ್, ಡೆಟಾಲ್ ಇವುಗಳ ಅಂಶ ಎಲ್ಲಾದರೂ ಉಳಿದರೆ ಮೀನಿಗೆ ಮಾರಕ. ತೊಟ್ಟಿಗೆ ಅವನ್ನು ತರಬೇಡಿ. ನಿಮ್ಮ ಕೈಗೆ ಮಾತ್ರ ಸೋಪು ಬೇಕು, ಕೈಗವಸು ತೆಗೆದ ಮೇಲೂ.

ಹೊಸ ನೀರು ತುಂಬಿಸುವಾಗ ನಲ್ಲಿ ನೀರಿನಲ್ಲೂ ಕ್ಲೋರಿನ್ ಇರುತ್ತದೆ ಎಂಬುದು ನೆನಪಿರಲಿ. ಒಂದು ದಿನ ತೆರೆದ ಬಕೆಟ್ಟಿನಲ್ಲಿಡಿ, ಅಥವಾ ಮೀನಿನ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟನ್ನು ಹೇಳಿದ ಪ್ರಮಾಣದಲ್ಲಿ ಹಾಕಿ. ಹಿಂದೆ ಫೋಟೋ ಸ್ಟುಡಿಯೋದವರು 'ಹೈಪೊ' ಎನ್ನುತ್ತಿದ್ದುದು ಇದನ್ನೇ.

ಬಚ್ಚಲಿನ ಬಾಗಿಲು ಮುಚ್ಚಬೇಡಿ

ಒಂದು ಸಂಜೆ ಇಪ್ಪತ್ತೈದರ ಯುವಕನೊಬ್ಬನನ್ನು ಅವನ ಅಣ್ಣ ಆಟೋದಲ್ಲಿ ಕರೆತಂದ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಬಿಡದ ಕೆಮ್ಮು, ಎದೆ ಬಿಗಿತ. ತೊಟ್ಟಿಯನ್ನು ಬಚ್ಚಲಿಗೆ ತಂದು ಬ್ಲೀಚಿಂಗ್ ಪೌಡರ್ ಹಾಕಿದ್ದಾನೆ. ಗಾಜಿನ ಬಿಳಿ ಕಲೆ ಹೋಗಲಿಲ್ಲವೆಂದು ಅದರ ಮೇಲೇ ಶೌಚಾಲಯ ತೊಳೆಯುವ ಆಸಿಡ್ ಸುರಿದಿದ್ದಾನೆ. ವಾಸನೆ ಹಾಲಿಗೆ ಬರದಿರಲೆಂದು ಬಾಗಿಲು ಬೇರೆ ಮುಚ್ಚಿಕೊಂಡಿದ್ದಾನೆ! ಬ್ಲೀಚಿಗೆ ಆಮ್ಲ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಶತ್ರುಗಳ ಕಂದಕಗಳ ಕಡೆಗೆ ಹರಿಯಬಿಟ್ಟದ್ದು ಇದನ್ನೇ.

ನಿಂಬೆರಸ, ವಿನಿಗರ್ ಕೂಡ ಆಮ್ಲವೇ. ಬ್ಲೀಚಿನ ಜೊತೆ ಅವೂ ಬೇಡ. ಅಮೋನಿಯ ಇರುವ ಗಾಜು ಒರೆಸುವ ದ್ರವವೂ ಬೇಡ, ಆಲ್ಕೋಹಾಲನ್ನೂ ಬ್ಲೀಚು ಪೂರ್ತಿ ತೊಳೆದುಹೋದ ಮೇಲೆಯೇ ಬಳಸಬೇಕು. ಕೆಲಸವನ್ನು ಅಂಗಳದಲ್ಲೋ ಬಾಲ್ಕನಿಯಲ್ಲೋ ಮಾಡಿ, ಉಬ್ಬಸ ಇರುವವರು ದೂರ ಇರಿ. ಹೊಗೆ ಕುಡಿದವರನ್ನು ತಕ್ಷಣ ಹೊರಗಿನ ಗಾಳಿಗೆ ಕರೆತನ್ನಿ. ಕಣ್ಣಿಗೆ ಬಿದ್ದಿದ್ದರೆ ಕಾಲು ಗಂಟೆಯಾದರೂ ನಲ್ಲಿ ನೀರು ಹಾಯಿಸಿ, ಆಮೇಲೆ ವೈದ್ಯರ ಹತ್ತಿರ ಹೋಗಿ. ಕೆಮ್ಮು ನಿಂತಿತೆಂದು ಮಲಗಿಬಿಡಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆ ಕಳೆದು ಬರಬಹುದು. ಆ ಯುವಕನನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ನೋಡಿಕೊಳ್ಳಬೇಕಾಯಿತು.

ಇನ್ನೊಂದು ವಿಷಯ. ಮೀನಿಗೆ ಹುಣ್ಣಾಯಿತೆಂದು ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ತೊಟ್ಟಿಗೆ ಸುರಿಯುವವರಿದ್ದಾರೆ. ಅಂಥ ನೀರಿನಲ್ಲಿ ಔಷಧಕ್ಕೆ ಬಗ್ಗದ ಕ್ರಿಮಿಗಳೇ ಉಳಿದು ಬೆಳೆಯುತ್ತವೆ, ನಾಳೆ ನೀವು ಕೈ ಹಾಕುವುದು ಅದೇ ನೀರಿಗೆ. ಐದು ವರ್ಷದೊಳಗಿನ ಮಕ್ಕಳು ಮೀನನ್ನು ನೋಡಲಿ, ಊಟ ಹಾಕಲಿ. ನೀರಿಗೆ ಕೈ ಅದ್ದಿದರೆ ಸೋಪು ಹಾಕಿ ತೊಳೆಸಿ.

ತೊಟ್ಟಿ ತೊಳೆದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಂದಿನ ಒಂದೆರಡು ತಿಂಗಳಲ್ಲಿ ಕೈಯ ಮೇಲೆ ಎರಡು ವಾರ ಕಳೆದರೂ ಮಾಯದ ಗಂಟೋ ಹುಣ್ಣೋ ಕಂಡರೆ ವೈದ್ಯರಿಗೆ ತೋರಿಸಿ, ಅವರು ಕೇಳುವ ಮೊದಲೇ 'ನಮ್ಮ ಮನೆಯಲ್ಲಿ ಮೀನಿದೆ' ಎಂದು ಹೇಳಿ.

ನಮ್ಮ ಬ್ಯಾಂಕ್ ನೌಕರರು ಈಗ ನಿವೃತ್ತರಾಗಿದ್ದಾರೆ. ಗಂಟುಗಳು ಹೋಗಿ ಕಂದು ಕಲೆ ಉಳಿದಿದೆ, ತೋರುಬೆರಳು ಪೂರ್ತಿ ಮಡಚಲು ಸ್ವಲ್ಪ ಬಿಗಿ. ಮೀನು ಬಿಟ್ಟಿಲ್ಲ. ಹೊಸ ಗಪ್ಪಿಗಳು ಮೂರು ವಾರ ಟಬ್ಬಿನಲ್ಲಿದ್ದು ಆಮೇಲೆ ತೊಟ್ಟಿಗೆ ಬಂದವಂತೆ. ಮೊಣಕೈ ಉದ್ದದ ಗವಸನ್ನು ಮಗಳೇ ತಂದುಕೊಟ್ಟಿದ್ದಾಳೆ, ತೊಟ್ಟಿಯ ಪಕ್ಕದ ಮೊಳೆಗೆ ಅದನ್ನು ನೇತುಹಾಕಿದ್ದಾರೆ.